ಬಿದಿರು ಮುಳ್ಳಿಗೆ ಎಷ್ಟು ಮಾರ್ಕು?

ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಕಶಾಸ್ತ್ರ ಕಲಿಸುವವರಿರಲಿ, ದಾಂಡೇಲಿಯ ಬಂಗೂರನಗರ ಕಾಲೇಜಿನ ಪ್ರಾಧ್ಯಾಪಕರಿರಲಿ, ಈಗ ಪಾಠ ಹೇಳಿದರಷ್ಟೇ ಸಾಲದು. ಎಷ್ಟು ಪ್ರಬಂಧ ಅಚ್ಚಾದವು, ಅವನ್ನು ಬೇರೆ ಪಂಡಿತರು ತಮ್ಮ ಬರಹದಲ್ಲಿ ಎಷ್ಟು ಸಲ ಹೆಸರಿಸಿದರು ಎಂಬ ಲೆಕ್ಕವೂ ಬೇಕು. ಇದಕ್ಕೆ ಸೈಟೇಶನ್ ಅಂತಾರೆ. 2016ರಿಂದ ಪ್ರಕಟವಾಗುತ್ತಿರುವ ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲೂ ಈ ಲೆಕ್ಕಕ್ಕೆ ತೂಕವುಂಟು.

ಇದರ ಖಾತೆಪುಸ್ತಕ ತೆರೆದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್, 1964ರಲ್ಲಿ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ 'ಎಚ್-ಸೂಚ್ಯಂಕ' ತಂದರು. ಹತ್ತು ಪ್ರಬಂಧಗಳನ್ನು ತಲಾ ಹತ್ತು ಸಲವಾದರೂ ಮಂದಿ ಹೆಸರಿಸಿದ್ದರೆ ಸೂಚ್ಯಂಕ ಹತ್ತು. ಒಂದೇ ಪ್ರಬಂಧವನ್ನು ಸಾವಿರ ಸಲ ಹೆಸರಿಸಿ, ಉಳಿದವನ್ನು ಯಾರೂ ಮುಟ್ಟದಿದ್ದರೆ? ಬರೀ ಒಂದು!

ಈ ಲೆಕ್ಕದಲ್ಲಿ ಏನು ಸಿಗುತ್ತದೆ, ಏನು ಸೋರುತ್ತದೆ ಎಂಬುದಕ್ಕೆ ನಮ್ಮ ಕಾಡಿನದೇ ದೃಷ್ಟಾಂತವಿದೆ.

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದದ್ದು 1955ರಲ್ಲಿ. ಕಾಗದಕ್ಕೆ ಬಿದಿರು ಬೇಕು. ಬಿದಿರು ನಮ್ಮ ಕಾಡಿನದು. 1970ರ ದಶಕದಲ್ಲಿ ಬಿದಿರು ಸಿಗದೆ ಬುಟ್ಟಿ ಹೆಣೆಯುವ ಮೇದಾರರ ಕೂಗೆದ್ದಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಮತ್ತು ನರೇಂದ್ರ ಪ್ರಸಾದರು ಉತ್ತರ ಕನ್ನಡದ ಕಾಡು ಸುತ್ತಿದರು.

ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರಿಗೆ ಒಳ್ಳೆಯದು ಎಂದು ಅರಣ್ಯ ಇಲಾಖೆ ತಿಳಿದಿತ್ತು. ಹಳ್ಳಿಯವರು, 'ಛೇ, ಮುಳ್ಳೇ ಕಳಲೆಗೆ ಬೇಲಿ' ಎಂಬ ಪಕ್ಷ. ಅಳೆದು ನೋಡಿದಾಗ ಹಳ್ಳಿಯವರ ಮಾತೇ ಗೆದ್ದಿತು. ಮುಳ್ಳು ಹೋದ ಮೆಳೆಯ ಎಳೆ ಕಳಲೆ ದನ, ಕಾಡುಪ್ರಾಣಿಗಳ ಬಾಯಿಗೆ ಬೀಳುತ್ತಿತ್ತು.

1981ರಲ್ಲಿ ವರದಿ ಬಂತು. 1984ರಲ್ಲಿ ನಮ್ಮ ಎರಡು ಜಾತಿ ಬಿದಿರಿನ ಕುರಿತು 'ಬಯೋಟ್ರೋಪಿಕಾ' ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಬಂಧ ಅಚ್ಚಾಯಿತು. ಸೈಟೇಶನ್ ಖಾತೆಗೆ ಸಲೀಸಾಗಿ ಜಮಾ ಆಗುವುದು ಇಂಥ ಪ್ರಬಂಧ. ಸರಕಾರಿ ವರದಿ ಆ ಖಾತೆ ಹತ್ತುವುದು ಕಷ್ಟ. ಮುಳ್ಳಿನ ಗುಟ್ಟು ಹೇಳಿದ ಹಳ್ಳಿಗನ ಮಾತಿಗಂತೂ ಅಲ್ಲಿ ಕಾಲಮ್ಮೇ ಇಲ್ಲ. ಎಷ್ಟು ಮೆಳೆ ಉಳಿದವು ಎಂಬುದಕ್ಕೂ ಇಲ್ಲ.

ಹಾಗೆಂದು ಲೆಕ್ಕವೇ ಬೇಡ ಎನ್ನಲಾದೀತೇ? ಒಬ್ಬರ ಕೆಲಸ ಮತ್ತೊಬ್ಬ ಪಂಡಿತರಿಗೆ ಉಪಯೋಗವಾಯಿತೇ ಎಂಬುದನ್ನು ಅದು ಹೇಳುತ್ತದೆ. ಊರಿಗೆ ಉಪಯೋಗವಾಯಿತೇ ಎಂಬುದನ್ನು ಹೇಳುವುದಿಲ್ಲ, ಅಷ್ಟೇ.

ಜೋಯಿಡಾದ ಕುಣಬಿಗಳು, ಹಳಿಯಾಳದ ಸಿದ್ದಿಗಳು, ಮುಂಡಗೋಡದ ಗೌಳಿಗಳು ಮತ್ತು ಟಿಬೇಟಿಯನ್ನರನ್ನು ಕುರಿತ ಪ್ರಬಂಧಗಳಿಗೆ ಬರವಿಲ್ಲ. ಬರೆದವರು ಧಾರಾಳವಾಗಿ ಮಾರ್ಕು ಪಡೆಯಲಿ. ಆದರೆ ಕಂಡುಕೊಂಡದ್ದನ್ನು ಎರಡೇ ಪುಟದಷ್ಟು ತಿಳಿಗನ್ನಡದಲ್ಲಿ ಬರೆದು ಆಯಾ ಪಂಚಾಯಿತಿಗೆ ಕೊಟ್ಟು ಹೋಗಲಿ. ಮಾಹಿತಿ ಕೊಟ್ಟ ಊರಿಗೆ ಅಷ್ಟಾದರೂ ಸಲ್ಲಬೇಡವೇ?