ಹಳೆಯ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ

ಹ್ಯಾಂಡಲ್ ತಿರುವಿ ಚಾಲೂ ಮಾಡುವ, ನೀರಿನಿಂದ ತಣಿಯುವ, ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನಿಗೆ ನೆಲದ ಮೇಲೊಂದು ಬದುಕು, ನೀರಿನ ಮೇಲೊಂದು ಬದುಕು. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಂಥ ಬಯಲುಸೀಮೆಯ ಊರುಗಳಲ್ಲಿ ಇದೇ ಜಾತಿಯ ಎಂಜಿನ್ನು ಹಿಟ್ಟಿನ ಗಿರಣಿಯನ್ನೂ ಬಾವಿಯ ಪಂಪನ್ನೂ ತಿರುಗಿಸಿದೆ. ಕರಾವಳಿಯಲ್ಲಿ ಅದರ ಒಡಹುಟ್ಟುಗಳು ದೋಣಿಯ ಹೊಟ್ಟೆಯೊಳಗೆ ಕೂತು ಪಂಖ ತಿರುಗಿಸಿವೆ. ತುಂಗಭದ್ರೆಯ ಹರಿಗೋಲಿಗೆ ಎಂಜಿನ್ನಿನ ಹಂಗಿಲ್ಲ. ಹಾಗಾಗಿ ಗದಗ ಸೀಮೆಯಲ್ಲಿ ಈ ಯಂತ್ರವನ್ನು ಬಿಚ್ಚಿ ಕಟ್ಟುವ ವಿದ್ಯೆ ಬೆಳೆದದ್ದು ಹೊಲದ ದಂಡೆಯಲ್ಲಿ, ಗಿರಣಿಯ ಹಿಂದಿನ ಚಪ್ಪರದಲ್ಲಿ. ಕೆಲಸ ಮಾತ್ರ ಎರಡೂ ಕಡೆ ಬಹುಪಾಲು ಒಂದೇ.

ಈ ಎಂಜಿನ್ನುಗಳಲ್ಲಿ ಎರಡು ಮನೆತನಗಳು. ಒಂದು, ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪನಿಯ ನಿಧಾನಗತಿಯ ಮಾದರಿ. ಅದರ 6 ಅಶ್ವಶಕ್ತಿಯ ಎಂಜಿನ್ನು ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುತ್ತಿತ್ತು. ಬೋರು ನಾಲ್ಕೂವರೆ ಅಂಗುಲ, ಸ್ಟ್ರೋಕ್ ಐದೂವರೆ ಅಂಗುಲ, ಸುಮಾರು 1.4 ಲೀಟರಿನ ಒಂದೇ ಸಿಲಿಂಡರು, ಎರಡು ಬದಿಗೆ ಎರಡು ದೊಡ್ಡ ಗಾಲಿ. ಗುಜರಾತಿನ ರಾಜಕೋಟಿನ ಕಾರ್ಖಾನೆಗಳು ಇದೇ ಅಚ್ಚಿನಲ್ಲಿ ಲೆಕ್ಕವಿಲ್ಲದಷ್ಟು ಎಂಜಿನ್ ಎರಕ ಹೊಯ್ದವು. ಎರಡನೆಯದು ನಿಮಿಷಕ್ಕೆ 1500 ಸುತ್ತಿನ, ಗಾತ್ರದಲ್ಲಿ ಚಿಕ್ಕ ಎಂಜಿನ್ನು. 80 ಮಿ.ಮೀ. ಬೋರು, 110 ಮಿ.ಮೀ. ಸ್ಟ್ರೋಕಿನ, 5 ಅಶ್ವಶಕ್ತಿಯ ಕಿರ್ಲೋಸ್ಕರ್ ಎವಿ-1 ಇದಕ್ಕೆ ಒಳ್ಳೆಯ ಉದಾಹರಣೆ. ಈ ಹೆಸರು ಕನ್ನಡ ನಾಡಿಗೆ ಹೊರಗಿನದಲ್ಲ: ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಎಂಜಿನ್ನಿಗಾಗಿಯೇ ಆ ಮನೆತನ ಪುಣೆಯಲ್ಲಿ ಕಂಪನಿ ತೆರೆದದ್ದು 1946ರಲ್ಲಿ.

ಈ ಎಂಜಿನ್ನುಗಳನ್ನು ಮನೆಯಂಗಳದಲ್ಲಿ ಕಟ್ಟಲು ಸಾಧ್ಯವಾಗುವುದಕ್ಕೆ ಕಾರಣ ಅವುಗಳ ರಚನೆಯಲ್ಲೇ ಇದೆ. ಸಿಲಿಂಡರಿನ ಒಳಗೋಡೆ ಸವೆದರೆ ಇಡೀ ಎರಕವನ್ನು ಎಸೆಯಬೇಕಿಲ್ಲ. ಒಳಗಿನ ಲೈನರನ್ನಷ್ಟೇ ತೆಗೆದು ಹೊಸದು ಕೂರಿಸಬಹುದು. ಲಿಸ್ಟರ್ ಮಾದರಿಯಲ್ಲಂತೂ ಕ್ರ್ಯಾಂಕ್ ಪೆಟ್ಟಿಗೆಗೆ ಬಾಗಿಲೇ ಇದೆ. ಅದನ್ನು ತೆಗೆದು ಕೈ ಹಾಕಿದರೆ ಕನೆಕ್ಟಿಂಗ್ ರಾಡಿನ ಬೋಲ್ಟು ಸಿಗುತ್ತದೆ. ತಂತಿ ಜಾಲವಿಲ್ಲ, ಸೆನ್ಸರಿಲ್ಲ, ಕಂಪ್ಯೂಟರಿಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಹಿಂಡಿದಾಗ ಅದು ತಾನೇ ಐನೂರು ಡಿಗ್ರಿ ದಾಟಿ ಕಾಯುತ್ತದೆ. ಆ ಗಾಳಿಗೆ ನಾಝಲ್ಲಿನಿಂದ ಡೀಸೆಲ್ಲನ್ನು ಮಂಜಿನಂತೆ ಸಿಡಿಸಿದರೆ ಉರಿ ಹತ್ತುತ್ತದೆ. ಸಂಪೂರ್ಣ ವಿದ್ಯೆ ಇಷ್ಟೇ. ಹಿಂಡುವಿಕೆ ಸರಿಯಿರಬೇಕು, ಡೀಸೆಲ್ ಸರಿಯಾದ ಗಳಿಗೆಗೆ ಸಿಡಿಯಬೇಕು.

ಬಿಚ್ಚುವ ಮೊದಲು ಎಂಜಿನ್ನಿನ ಮಾತು ಕೇಳಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಅಂದರೆ ರಿಂಗು ಇಲ್ಲವೇ ವಾಲ್ವ್ ಗೈಡ್ ಸವೆದಿದೆ. ಕಪ್ಪು ಹೊಗೆಗೆ ಹೊರೆ ಹೆಚ್ಚಾದದ್ದು, ನಾಝಲ್ ಕೆಟ್ಟದ್ದು, ಗಾಳಿಯ ಫಿಲ್ಟರ್ ಕಟ್ಟಿಕೊಂಡದ್ದು ಕಾರಣ. ಬಿಳಿ ಹೊಗೆ ನಿಲ್ಲದೆ ಬಂದರೆ ಡೀಸೆಲ್ ಉರಿಯದೆ ಹೋಗುತ್ತಿದೆ ಅಥವಾ ನೀರು ಒಳಗೆ ಇಳಿಯುತ್ತಿದೆ. ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಹಿಂಡುವಿಕೆಯ ಜಾಗಕ್ಕೆ ತಂದರೆ ಒಳ್ಳೆಯ ಎಂಜಿನ್ನು ಕೈಯನ್ನು ಹಿಂದಕ್ಕೆ ಒತ್ತುತ್ತದೆ. ಸವೆದದ್ದು ಉಸ್ಸೆಂದು ಜಾರುತ್ತದೆ. ಆಗ ನಾಝಲ್ ತೆಗೆದು ಒಂದು ಚಮಚ ಆಯಿಲ್ ಒಳಗೆ ಬಿಟ್ಟು, ಮತ್ತೆ ಜೋಡಿಸಿ ತಿರುಗಿಸುವುದು ಹಳೆಯ ಪರೀಕ್ಷೆ. ಬಿಗಿ ಹೆಚ್ಚಿದರೆ ದೋಷ ರಿಂಗಿನಲ್ಲಿ, ಇದ್ದಂತೆಯೇ ಇದ್ದರೆ ವಾಲ್ವಿನಲ್ಲಿ. ವಾಲ್ವ್ ತೀಡಿ ನಾಝಲ್ ಸರಿಪಡಿಸಿದರೆ ಮುಗಿಯುವ ಕೆಲಸಕ್ಕೆ ಎಷ್ಟೋ ಸಲ ಇಡೀ ಎಂಜಿನ್ನನ್ನು ಹರವಿ ಕೂರುವುದುಂಟು. ಅದು ದಂಡದ ದುಡಿಮೆ.

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದು ಹಿಡಿದುಹೋದ ಎಂಜಿನ್ನಿಗೆ ಅವಸರ ಆಗದು. ಹೆಡ್ ತೆಗೆದು, ಪಿಸ್ಟನ್ನಿನ ಮೇಲೆ ಡೀಸೆಲ್ಲು ಮತ್ತು ತೆಳು ಆಯಿಲ್ ಬೆರೆಸಿ ನಿಲ್ಲಿಸಿ, ದಿನಗಟ್ಟಲೆ ಬಿಡಬೇಕು. ಆಮೇಲೆ ಮರದ ದಿಮ್ಮಿಯಿಟ್ಟು ಮೆತ್ತಗೆ ಬಡಿಯಬೇಕೇ ಹೊರತು ಪಿಸ್ಟನ್ನಿನ ನೆತ್ತಿಗೆ ನೇರ ಸುತ್ತಿಗೆ ಬೀಳಬಾರದು.

ಬಿಚ್ಚುವಾಗ ಕಬ್ಬಿಣಕ್ಕಿಂತ ನೆನಪು ಮುಖ್ಯ. ಕನೆಕ್ಟಿಂಗ್ ರಾಡಿಗೂ ಅದರ ಟೋಪಿಗೂ ಒಂದೇ ಬದಿಯಲ್ಲಿ ಪಂಚಿನಿಂದ ಚುಕ್ಕೆ ಹೊಡೆಯಬೇಕು. ತಿರುವುಮುರುವಾಗಿ ಕಟ್ಟಿದರೆ ಬೇರಿಂಗ್ ಸುಡುತ್ತದೆ. ಕ್ಯಾಮ್ ಗೇರಿನ ಹಲ್ಲಿನ ಗುರುತು ನೋಡಿ, ಇಲ್ಲದಿದ್ದರೆ ಹೊಸದಾಗಿ ಹಾಕಬೇಕು. ಯಾವ ಬದಿಯಿಂದ ಎಷ್ಟು ತೆಳು ಶಿಮ್ ಬಂತೆಂಬುದನ್ನು ಬರೆದಿಡಬೇಕು. ಮನೆಯ ಹಳೆಯ ನಾಲ್ಕಾರು ಪರಾತಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ: ಒಂದರಲ್ಲಿ ಹೆಡ್ಡಿನ ಸಾಮಾನು, ಒಂದರಲ್ಲಿ ಡೀಸೆಲ್ ಪಂಪಿನದು. ಹೆಜ್ಜೆ ಹೆಜ್ಜೆಗೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಕಟ್ಟುವಾಗ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು, ಪೆಟ್ರೋಲಿನ ಗೊಡವೆ ಬೇಡ. ಸವುಳು ನೀರು ಕುಡಿದ ಎಂಜಿನ್ನಾದರೆ ಲೈನರಿನ ಹೊರಮೈಗೆ, ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವಂಥದೇ ಬಿಳಿ ಪದರು ಕಟ್ಟಿರುತ್ತದೆ. ಅದನ್ನು ಕೆರೆಯದೆ ಹೊಸ ಲೈನರ್ ಹಾಕಿದರೆ ಎಂಜಿನ್ನು ಕಾಯುವುದು ನಿಲ್ಲುವುದಿಲ್ಲ.

ಇನ್ನು ಅಳತೆ. ಹಳೆಯ ಎಂಜಿನ್ ಕಟ್ಟುವುದೆಂದರೆ ಮುಖ್ಯವಾಗಿ ಅಳೆಯುವುದೇ. ಸಾಮಾನು ಬದಲಿಸುವುದು ಆಮೇಲಿನ ಮಾತು. ಲೈನರು ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ನಿಂತು ಹಿಂತಿರುಗುವ ಜಾಗದಲ್ಲಿ ಸವೆತ ಜಾಸ್ತಿ, ಏಕೆಂದರೆ ಅಲ್ಲಿ ಒತ್ತಡ, ಕಾವು ಎರಡೂ ಹೆಚ್ಚು, ಆಯಿಲ್ ಕಡಿಮೆ. ಅದರ ಮೇಲೆ ಸವೆಯದೆ ಉಳಿದ ಏಣು ಉಗುರಿಗೆ ತಾಕುತ್ತದೆ. ದುಬಾರಿ ಬೋರ್ ಗೇಜ್ ಇಲ್ಲದಿದ್ದರೂ ಸವೆತವನ್ನು ಲೆಕ್ಕ ಹಾಕಬಹುದು. ಹೊಸ ರಿಂಗೊಂದನ್ನು ಪಿಸ್ಟನ್ನಿಲ್ಲದ ಬೋರಿನ ಬುಡದಲ್ಲಿಟ್ಟು, ಪಿಸ್ಟನ್ನಿನ ತಲೆಯಿಂದ ಒತ್ತಿ ನೇರ ಮಾಡಿ, ರಿಂಗಿನ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಅದೇ ರಿಂಗನ್ನು ಏಣಿನ ಕೆಳಗಿಟ್ಟು ಮತ್ತೆ ಅಳೆಯಬೇಕು. ಬುಡದಲ್ಲಿ 0.35 ಮಿ.ಮೀ., ಮೇಲೆ 1.10 ಮಿ.ಮೀ. ಬಂತೆನ್ನೋಣ. ವ್ಯತ್ಯಾಸ 0.75. ಸುತ್ತಳತೆಯನ್ನು ವ್ಯಾಸಕ್ಕೆ ತರಲು 3.14ರಿಂದ ಭಾಗಿಸಿದರೆ 0.24. ಬೋರು ಕಾಲು ಮಿಲಿಮೀಟರಿನಷ್ಟು ಅಗಲವಾಗಿದೆ ಎಂದು ಗೊತ್ತಾಯಿತು. ಅಂಥ ಬೋರಿಗೆ ಹೊಸ ರಿಂಗು ಹಾಕಿದರೆ ದುಡ್ಡು ದಂಡ. ಲೈನರ್, ಪಿಸ್ಟನ್ ಜೊತೆಯಾಗಿಯೇ ಬರಬೇಕು.

ಕ್ರ್ಯಾಂಕಿನ ಪಿನ್ನನ್ನು ಮೈಕ್ರೊಮೀಟರಿನಿಂದ ಅಡ್ಡ, ಉದ್ದ, ಎರಡು ತುದಿ ಎಂದು ಹಲವು ಕಡೆ ನೋಡಬೇಕು. ದುಂಡು ತಪ್ಪಿ ಮೊಟ್ಟೆಯಾಗಿದ್ದರೆ ಗ್ರೈಂಡಿಂಗಿಗೆ ಹೋಗಲೇಬೇಕು. ಬೇರಿಂಗುಗಳು 0.25, 0.50, 0.75 ಮಿ.ಮೀ. ಅಂಡರ್‌ಸೈಜಿನಲ್ಲಿ ಸಿಗುವುದರಿಂದ ಪಿನ್ನನ್ನು ಅದೇ ಲೆಕ್ಕಕ್ಕೆ ಇಳಿಸುತ್ತಾರೆ. ಇದು ಅಂಗಳದ ಕೆಲಸವಲ್ಲ. ಗದಗ, ಹುಬ್ಬಳ್ಳಿಯಂಥ ಪೇಟೆಯ ಕ್ರ್ಯಾಂಕ್ ಗ್ರೈಂಡಿಂಗ್ ಅಂಗಡಿಗೆ ಒಯ್ಯಬೇಕು. ಪಿನ್ನಿನ ಬುಡದ ದುಂಡುಮೂಲೆಯನ್ನು ಹಾಗೆಯೇ ಉಳಿಸಲು ಅಲ್ಲಿ ಹೇಳಬೇಕು, ಚೂಪು ಮೂಲೆಯಾದರೆ ಕ್ರ್ಯಾಂಕು ಮುರಿಯುವುದು ಅಲ್ಲಿಂದಲೇ. (ಇಂಥ ಅಂಗಡಿಗಳ ಹಳೆಯ ಲೇಥುಗಳ ಮೇಲೆ ಮೈಸೂರು ಕಿರ್ಲೋಸ್ಕರ್ ಎಂಬ ಹೆಸರು ಕಂಡರೆ ಅಚ್ಚರಿಯಿಲ್ಲ. 1941ರಲ್ಲಿ ಹರಿಹರದಲ್ಲಿ, ಇದೇ ತುಂಗಭದ್ರೆಯ ದಂಡೆಯಲ್ಲಿ ಶುರುವಾದ ಕಾರ್ಖಾನೆ ಅದು.) ಇಂಜೆಕ್ಷನ್ ಪಂಪಿನ ಪ್ಲಂಜರು ಮತ್ತು ಬ್ಯಾರೆಲ್ಲನ್ನೂ ಮನೆಯಲ್ಲಿ ಕೆಣಕಬಾರದು. ಅವುಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಒಂದರ ಜೋಡಿ ಇನ್ನೊಂದಕ್ಕೆ ಹೊಂದದು. ನಾಝಲ್ಲನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವುದಂತೂ ಅಪಾಯ, ಅಷ್ಟು ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ.

ವಾಲ್ವ್ ತೀಡುವುದು ಮಾತ್ರ ಪೂರಾ ಮನೆಗೆಲಸ. ಮೊದಲು ಒರಟು ಪೇಸ್ಟು, ಆಮೇಲೆ ನಯವಾದದ್ದು. ವಾಲ್ವನ್ನು ಅರ್ಧ ಸುತ್ತು ಅತ್ತ, ಅರ್ಧ ಸುತ್ತು ಇತ್ತ ತಿರುವುತ್ತ, ನಡುನಡುವೆ ಎತ್ತಿ ಜಾಗ ಬದಲಿಸುತ್ತ ಹೋದರೆ ಬೂದು ಬಣ್ಣದ ಮಾಸಲು ಬಳೆ ಮೂಡುತ್ತದೆ. ಬಳೆ ಎಲ್ಲಿಯೂ ಕಡಿದಿರಬಾರದು. ಹೆಡ್ಡನ್ನು ಓರೆ ಮಾಡಿ ಪೋರ್ಟಿಗೆ ಸೀಮೆಎಣ್ಣೆ ಸುರಿದಾಗ ಒಂದು ಹನಿಯೂ ಒಸರದಿದ್ದರೆ ಕೆಲಸ ಆಯಿತು.

ಕಟ್ಟುವಾಗ ಲೈನರಿನ ರಬ್ಬರ್ ಉಂಗುರಗಳಿಗೆ ಸಾಬೂನು ನೀರು, ರಿಂಗು ಬೇರಿಂಗುಗಳಿಗೆ ಹೊಸ ಆಯಿಲ್. ರಿಂಗುಗಳ ಬಾಯಿ ಒಂದರ ಕೆಳಗೊಂದು ಬರದಂತೆ ತಿರುಗಿಸಿಡಬೇಕು. ಪಿಸ್ಟನ್ನಿನ ಮೇಲೆ ಸೀಸದ ತಂತಿಯ ತುಣುಕಿಟ್ಟು, ಹೆಡ್ ಬಿಗಿದು, ಗಾಲಿಯನ್ನು ಒಂದು ಸುತ್ತು ತಿರುಗಿಸಿ ಮತ್ತೆ ಬಿಚ್ಚಿದರೆ ಜಜ್ಜಿದ ತಂತಿಯ ದಪ್ಪವೇ ಪಿಸ್ಟನ್ನಿಗೂ ಹೆಡ್ಡಿಗೂ ಇರುವ ಅಂತರ. ಇದು ಎಷ್ಟಿರಬೇಕೆಂದು ಕಂಪನಿಯ ಪುಸ್ತಕ ಹೇಳುತ್ತದೆ. ಹೆಚ್ಚಿದ್ದರೆ ಹಿಂಡುವಿಕೆ ಸಾಲದು, ಕಡಿಮೆಯಾದರೆ ಬಡಿಯುತ್ತದೆ. ಹೆಡ್ಡಿನ ನಟ್ಟುಗಳನ್ನು ಅಡ್ಡಡ್ಡಲಾಗಿ, ಮೂರು ಸುತ್ತಿನಲ್ಲಿ ಬಿಗಿಯಬೇಕು.

ಟೈಮಿಂಗ್, ಅಂದರೆ ಡೀಸೆಲ್ ಸಿಡಿಯುವ ಗಳಿಗೆ, ನೋಡುವ ರೀತಿ ಚೆಂದವಿದೆ. ಪಂಪಿನ ಡೆಲಿವರಿ ವಾಲ್ವನ್ನೂ ಸ್ಪ್ರಿಂಗನ್ನೂ ತೆಗೆದು, ಹೋಲ್ಡರನ್ನು ಮತ್ತೆ ಕೂರಿಸಿ, ಅದಕ್ಕೆ ಬಾಗಿದ ಸಣ್ಣ ಕೊಳವೆ ಜೋಡಿಸಿ ಡೀಸೆಲ್ ಬಿಡುತ್ತಾರೆ. ಎಂಜಿನ್ನು ತಿರುಗುವ ದಿಕ್ಕಿಗೇ ಗಾಲಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತ ಬಂದರೆ, ಹರಿಯುತ್ತಿದ್ದ ಡೀಸೆಲ್ ಹನಿಹನಿಯಾಗಿ, ಒಂದು ಗಳಿಗೆಯಲ್ಲಿ ನಿಂತುಬಿಡುತ್ತದೆ. ನಾಝಲ್ಲಿಗೆ ಡೀಸೆಲ್ ಹೊರಡುವ ಕ್ಷಣ ಅದೇ. ಗಾಲಿಯ ಮೇಲಿನ ಗುರುತು ಅಳಿಸಿದ್ದರೆ ಟೇಪು ಸಾಕು: 600 ಮಿ.ಮೀ. ವ್ಯಾಸದ ಗಾಲಿಯಲ್ಲಿ ಒಂದು ಡಿಗ್ರಿಗೆ ಸುಮಾರು 5.2 ಮಿ.ಮೀ. ಪುಸ್ತಕ 20 ಡಿಗ್ರಿ ಎಂದಿದ್ದರೆ ಪಿಸ್ಟನ್ ತುದಿ ಮುಟ್ಟುವ ಗುರುತಿನಿಂದ 105 ಮಿ.ಮೀ. ಮೊದಲೇ ಹನಿ ನಿಲ್ಲಬೇಕು. ಬೇಗ ಸಿಡಿದರೆ ಎಂಜಿನ್ನು ಕಟಕಟ ಬಡಿಯುತ್ತದೆ, ತಡವಾದರೆ ಸೋತು ಹೊಗೆ ಕಾರುತ್ತದೆ.

ದೋಣಿಯ ಎಂಜಿನ್ನಿಗೆ ಇದರ ಮೇಲೆ ಇನ್ನಷ್ಟು ಕೆಲಸ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಮಲ್ಪೆ, ಮಂಗಳೂರು, ಕಾರವಾರದಲ್ಲಿ ಬಲೆ ದುರಸ್ತಿಯ ಜೊತೆ ಎಂಜಿನ್ ದುರಸ್ತಿಗೂ ಅದೇ ಕಾಲ. ದೊಡ್ಡ ಬೋಟುಗಳಲ್ಲಿ ಈಗ ಇರುವುದು ಹಲವು ಸಿಲಿಂಡರಿನ ಎಂಜಿನ್ನು, ಆದರೆ ಉಪ್ಪುನೀರಿನ ಕಾಟ ಎಲ್ಲಕ್ಕೂ ಒಂದೇ. ಸಮುದ್ರದ ನೀರು ತಾಕುವ ಲೋಹವನ್ನು ಉಳಿಸಲು ಸತುವಿನ ತುಂಡುಗಳನ್ನು ಕೂರಿಸುತ್ತಾರೆ; ಸವೆತವನ್ನೆಲ್ಲ ಸತು ನುಂಗುತ್ತದೆ, ಕರಗಿದಂತೆ ಬದಲಿಸಬೇಕು. ಪಂಖದ ಶಾಫ್ಟಿಗೂ ಎಂಜಿನ್ನಿಗೂ ಸೇರುವ ಕಪ್ಲಿಂಗ್ ಒಂದೇ ನೇರದಲ್ಲಿರಬೇಕು. ಇದನ್ನು ದಡದ ಮೇಲೆ ಹೊಂದಿಸಿದರೂ ದೋಣಿ ನೀರಿಗಿಳಿದ ಮೇಲೆ ಮತ್ತೊಮ್ಮೆ ನೋಡಲೇಬೇಕು, ಏಕೆಂದರೆ ತೇಲುವಾಗ ಒಡಲಿನ ಆಕಾರ ತುಸು ಬದಲಾಗುತ್ತದೆ.

ಮೊದಲ ಚಾಲೂ ಬಯಲಿನಲ್ಲಿ ಆಗಲಿ, ಮುಚ್ಚಿದ ಕೋಣೆಯಲ್ಲಿ ಹೊಗೆ ಕೊಲ್ಲುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಬೇಕು, ಸುತ್ತ ಹಿಡಿದರೆ ಹಿಂದೊದೆತಕ್ಕೆ ಮುರಿಯುತ್ತದೆ. ಎಂಜಿನ್ನು ಅಂಕೆ ತಪ್ಪಿ ಓಡಿದರೆ ಡೀಸೆಲ್ ನಿಲ್ಲಿಸಿದ್ದು ಸಾಲದು, ತನ್ನ ಆಯಿಲನ್ನೇ ಕುಡಿದು ಓಡೀತು. ಗಾಳಿಯ ಬಾಯಿಯನ್ನು ಮರದ ಹಲಗೆಯಿಂದ ಮುಚ್ಚಬೇಕು. ಮೊದಲ ಕೆಲವು ತಾಸು ಹಗುರ ಹೊರೆ, ಆಮೇಲೆ ಹೆಡ್ಡಿನ ನಟ್ಟು ಮತ್ತೊಮ್ಮೆ ಬಿಗಿ. ಹೊಸ ರಿಂಗಿನ ಕಬ್ಬಿಣದ ಪುಡಿ ಮೊದಲ ಆಯಿಲಿನಲ್ಲಿ ಇಳಿಯುವುದರಿಂದ ಅದನ್ನು ಬೇಗ ಬದಲಿಸಬೇಕು. ತೆಗೆದ ಆಯಿಲನ್ನು ಬಾವಿಯ ದಂಡೆಗೆ ಚೆಲ್ಲಬೇಡಿ; ಡಬ್ಬಿಯಲ್ಲಿ ತುಂಬಿಟ್ಟರೆ ಹಳೆ ಆಯಿಲ್ ಕೊಳ್ಳುವವರು ಪೇಟೆಯಲ್ಲಿದ್ದಾರೆ.