ಹೊರೆ ಯಾವುದು, ದಾರಿ ಯಾವುದು? ಪಿಕಪ್‌ಗೆ ಹೊಸ ಟೈರು ಹಾಕಿಸುವ ಮುನ್ನ

ತುಂಗಭದ್ರೆಯ ದಂಡೆಯ ನಾಗಲದಿನ್ನೆಯಲ್ಲಿ ಪಿಕಪ್ ಇಟ್ಟುಕೊಂಡವರಿಗೆ ಮೂರು ರಾಜ್ಯಗಳ ಬಾಡಿಗೆ ಸಿಗುತ್ತದೆ. ಹೊಳೆ ದಾಟಿದರೆ ತೆಲಂಗಾಣ. ಈಚೆಗೆ ಎಮ್ಮಿಗನೂರು, ಅದರಾಚೆ ಆದೋನಿಯ ಹತ್ತಿ ಮಾರುಕಟ್ಟೆ. ಮಂತ್ರಾಲಯದ ಕಡೆಯಿಂದ ಹೋದರೆ ರಾಯಚೂರು, ಆದೋನಿಯಿಂದ ಪಡುವಣಕ್ಕೆ ತಿರುಗಿದರೆ ಸಿರುಗುಪ್ಪ, ಬಳ್ಳಾರಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಗಡಿ ಬದಲಾಯಿತು, ಸರಕು ಓಡಾಡುವ ದಾರಿ ಮಾತ್ರ ಅಷ್ಟೇನೂ ಬದಲಾಗಲಿಲ್ಲ. ಈಗಲೂ ಹಂಗಾಮಿನಲ್ಲಿ ಇಲ್ಲಿನ ಮೆಣಸಿನಕಾಯಿ ಬಳ್ಳಾರಿ, ಹೊಸಪೇಟೆ ದಾಟಿ ಬ್ಯಾಡಗಿಗೆ ಹೋಗುತ್ತದೆ.

ಅಂದರೆ ಒಂದೇ ಗಾಡಿ ಬೆಳಿಗ್ಗೆ ಎರೆಹೊಲದ ಬದುವಿನಲ್ಲಿ ಹತ್ತಿ ಹೇರಿಕೊಂಡು, ಕಾಲುವೆ ಏರಿಯ ಕಚ್ಚಾ ದಾರಿ ಹಿಡಿದು, ಮಧ್ಯಾಹ್ನದ ಹೊತ್ತಿಗೆ ಹೆದ್ದಾರಿಯ ಕಾದ ಡಾಂಬರಿನ ಮೇಲಿರುತ್ತದೆ. ಟೈರು ಸವೆಯುವುದು ಹೀಗೆ. ಬದಲಾಯಿಸುವ ದಿನ ಬಂದಾಗ ಅಂಗಡಿಯಲ್ಲಿ ಮೊದಲು ಏಳುವ ಪ್ರಶ್ನೆಗಳು ಎರಡು: ಯಾವ ಕಂಪನಿ, ಎಷ್ಟಾಗುತ್ತೆ? ನಿಜಕ್ಕೂ ಇವು ಕೊನೆಗೆ ಕೇಳಬೇಕಾದವು. ಗಾಡಿ ಎಂಥ ಹೊರೆ ಹೊರುತ್ತದೆ, ವರ್ಷದ ಹೆಚ್ಚು ಪಾಲು ಯಾವ ದಾರಿಯಲ್ಲಿ ಓಡುತ್ತದೆ ಎಂಬುದು ಇತ್ಯರ್ಥವಾದರೆ ಅರ್ಧ ಆಯ್ಕೆ ಮುಗಿದಂತೆ.

ಪಕ್ಕೆಯ ಮೇಲೆ ಬರೆದಿರುವುದು

ಬೇಕಾದ ಮಾಹಿತಿಯೆಲ್ಲ ಟೈರಿನ ಪಕ್ಕೆಯ ಮೇಲೇ ಅಚ್ಚಾಗಿರುತ್ತದೆ. 2005ರಲ್ಲಿ ಬಂದು ‘ಛೋಟಾ ಹಾಥಿ’ ಎಂದು ಹೆಸರಾದ ಟಾಟಾ ಏಸ್‌ನ ಟೈರಿನ ಮೇಲೆ 145 ಆರ್ 12 ಎಂದಿದ್ದರೆ, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್‌ನದರ ಮೇಲೆ 185 ಆರ್ 14 ಎಂದಿರುತ್ತದೆ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಡುವಿನ ‘ಆರ್’ ಎಂದರೆ ರೇಡಿಯಲ್. ಬೊಲೆರೊ ಪಿಕಪ್‌ಗಳಲ್ಲಿ ಮಾದರಿಗೊಂದು ಅಳತೆ ಇರುವುದರಿಂದ ಪಕ್ಕದ ಮನೆಯವರ ಬೊಲೆರೊ ನೋಡಿ ಟೈರು ತರುವಂತಿಲ್ಲ. ಸ್ವಂತ ಗಾಡಿಯ ಪುಸ್ತಕವನ್ನೋ ಬಾಗಿಲ ಹತ್ತಿರದ ಚೀಟಿಯನ್ನೋ ನೋಡಬೇಕು.

ಅಳತೆಯ ಜೊತೆಗೆ ‘ಎಲ್‌ಟಿ’ ಎಂಬ ಅಕ್ಷರಗಳು, ‘8 ಪಿಆರ್’ ಎಂಬ ಗುರುತು ಕಾಣುತ್ತವೆ. ಎಲ್‌ಟಿ ಎಂದರೆ ಹಗುರ ಸರಕು ವಾಹನದ ಟೈರು. 8 ಪಿಆರ್ ಎಂದರೆ ಒಳಗೆ ಎಂಟು ಪದರಗಳಿವೆ ಎಂದಲ್ಲ. ಹಿಂದಿನ ಕಾಲದ ಎಂಟು ಪದರದ ನೂಲಿನ ಟೈರು ತಾಳುತ್ತಿದ್ದಷ್ಟು ಹೊರೆಯನ್ನು ಇದೂ ತಾಳುತ್ತದೆ ಎಂದಷ್ಟೇ ಅದರ ಅರ್ಥ. ಅದಕ್ಕಿಂತ ಖಚಿತವಾದದ್ದು ಹೊರೆಯ ಸೂಚ್ಯಂಕ. 102/100 ಎಂದಿದ್ದರೆ, ಅಚ್ಚಿನ ಒಂದೊಂದು ಬದಿಗೆ ಒಂದೇ ಚಕ್ರವಿದ್ದಾಗ ಪ್ರತಿ ಟೈರು 850 ಕಿಲೋ, ಜೋಡಿ ಚಕ್ರವಿದ್ದಾಗ 800 ಕಿಲೋ ಹೊರಬಲ್ಲದು ಎಂದು ಲೆಕ್ಕ. 106ಕ್ಕೆ 950 ಕಿಲೋ, 108ಕ್ಕೆ 1,000 ಕಿಲೋ.

ಈ ಅಂಕಿಗಳ ಬೆಲೆ ಗೊತ್ತಾಗುವುದು ಈರುಳ್ಳಿ ಹೇರಿದಾಗ. 50 ಕಿಲೋದ 34 ಚೀಲ ಹಾಕಿದರೆ 1,700 ಕಿಲೋ. ದೊಡ್ಡ ಪಿಕಪ್‌ನ ಪೂರ್ತಿ ಹೊರೆ ಅಲ್ಲಿಗೇ ಮುಗಿಯಿತು. ಇದರ ಬಹುಪಾಲು ಬೀಳುವುದು ಹಿಂದಿನ ಅಚ್ಚಿನ ಮೇಲೆ. ಗಾಡಿಯ ಸ್ವಂತ ತೂಕದ ಪಾಲೂ ಸೇರಿ ಅಲ್ಲಿ 1,900 ಕಿಲೋ ಆಯಿತೆನ್ನಿ. ಒಂದೊಂದು ಟೈರಿನ ಮೇಲೆ 950 ಕಿಲೋ. 106ರ ಟೈರಿಗೆ ಅದು ಕಟ್ಟಕಡೆಯ ಮಿತಿ, 102ರ ಟೈರಿಗೆ ನೂರು ಕಿಲೋ ಜಾಸ್ತಿ. ಇನ್ನು ಕಾರು, ಜೀಪುಗಳಿಗೆಂದೇ ಮಾಡಿದ ಟೈರು ಅಗ್ಗಕ್ಕೆ ಸಿಕ್ಕಿತು, ರಿಮ್ಮಿಗೂ ಕೂತಿತು ಎಂದು ಪಿಕಪ್‌ಗೆ ಹಾಕಿಸಿದರೆ ಎಷ್ಟು ಕೊರತೆ ಬೀಳುತ್ತದೆಂದು ಇದರಿಂದಲೇ ಊಹಿಸಬಹುದು.

ಮಿತಿ ಮೀರಿದ ಹೊರೆಗೆ ಯಾವ ಟೈರೂ ಪರಿಹಾರವಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಹೆಚ್ಚುವರಿ ಹೊರೆಗೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಒಂದು ಸಲ ಸಿಕ್ಕಿಬಿದ್ದರೆ ಹೊಸ ಟೈರುಗಳ ದುಡ್ಡು ರಸ್ತೆಯಲ್ಲೇ ಹೋಯಿತು.

ಎರೆಮಣ್ಣು ಒಂದು ಕಡೆ, ಕಾದ ಡಾಂಬರು ಇನ್ನೊಂದು ಕಡೆ

ಹದ ಮಳೆ ಬಿದ್ದ ಎರೆಹೊಲಕ್ಕೆ ಪಿಕಪ್ ಇಳಿಸಿದವರಿಗೆ ಗೊತ್ತು. ಮೊದಲ ಹತ್ತು ಮಾರು ಗಾಡಿ ಸಲೀಸಾಗಿ ಹೋಗುತ್ತದೆ. ಅಷ್ಟರಲ್ಲಿ ಅಂಟುಮಣ್ಣು ಟೈರಿನ ಗೆರೆಗಳೊಳಗೆ ಮೆತ್ತಿಕೊಂಡು, ಗೆರೆಗಳೇ ಕಾಣದಂತಾಗಿ, ಚಕ್ರ ನುಣ್ಣನೆಯ ಕರಿ ಉಂಡೆಯಾಗುತ್ತದೆ. ಆಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಇದ್ದಲ್ಲೇ ತಿರುಗುತ್ತದೆ. ಉದ್ದುದ್ದ ಗೆರೆಗಳಿರುವ ರಿಬ್ ಟೈರಿನ ದೌರ್ಬಲ್ಯವಿದು. ಅಡ್ಡಡ್ಡಕ್ಕೆ ದಪ್ಪ ಬಟನ್‌ಗಳಿರುವ ಲಗ್ ಟೈರಿನಲ್ಲಿ ಸಂದುಗಳು ಅಗಲವಾಗಿರುವುದರಿಂದ ಚಕ್ರ ತಿರುಗಿದಂತೆ ಮಣ್ಣು ಕಳಚಿ ಬೀಳುತ್ತದೆ, ಹಿಡಿತ ಉಳಿಯುತ್ತದೆ.

ಹಾಗೆಂದು ನಾಲ್ಕಕ್ಕೂ ಲಗ್ ಹಾಕಿಸಿದರೆ ಹೆದ್ದಾರಿಯಲ್ಲಿ ಬೆಲೆ ತೆರಬೇಕು. ಹಗರಿಯಿಂದ ಆಲೂರು, ಆದೋನಿ ಮೇಲೆ ರಾಯಚೂರಿನತ್ತ ಸಾಗುವ 167ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ದಪ್ಪ ಬಟನ್ ಸದ್ದು ಮಾಡುತ್ತದೆ, ಬೇಗ ಬಿಸಿಯಾಗುತ್ತದೆ, ಡೀಸೆಲ್ ಹೆಚ್ಚು ಕುಡಿಸುತ್ತದೆ. ರಿಬ್ ಟೈರು ಅಲ್ಲಿ ನೇರ ಓಡುತ್ತದೆ, ಸ್ಟೇರಿಂಗ್ ಹಗುರವಾಗಿರುತ್ತದೆ. ಆದ್ದರಿಂದ ಎರಡೂ ಕಡೆ ಓಡುವ ಗಾಡಿಗೆ ಮುಂದೆ ರಿಬ್, ಎಂಜಿನ್ನಿನ ಬಲ ಬೀಳುವ ಹಿಂದಿನ ಚಕ್ರಗಳಿಗೆ ಲಗ್, ಇಲ್ಲವೇ ಎರಡೂ ಬೆರೆತ ಸೆಮಿ ಲಗ್ ಒಪ್ಪುತ್ತದೆ. ಹೊಲಕ್ಕಿಳಿಯದೆ ಮಾರುಕಟ್ಟೆಯಿಂದ ಮಾರುಕಟ್ಟೆಗಷ್ಟೇ ಓಡುವ ಗಾಡಿಗೆ ನಾಲ್ಕೂ ರಿಬ್ ಸಾಕು. ಒಂದೇ ಅಚ್ಚಿನ ಎಡಬಲಕ್ಕೆ ಬೇರೆ ಬೇರೆ ಜಾತಿಯ ಟೈರು ಮಾತ್ರ ಬೇಡ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಮೆಣಸಿನಕಾಯಿ ಹಂಗಾಮಿನ ಬ್ಯಾಡಗಿ ಪಯಣ ಇನ್ನೊಂದು ಬಗೆಯ ಪರೀಕ್ಷೆ. ಇಲ್ಲಿಂದ 250 ಕಿಲೋಮೀಟರಿಗೂ ಹೆಚ್ಚು ದೂರ, ಮಾರ್ಚ್ ಬಂತೆಂದರೆ ಸುಡುಬಿಸಿಲು. ಮೆಣಸಿನಕಾಯಿ ತೂಕಕ್ಕಿಂತ ಎತ್ತರಕ್ಕೆ ಬೆಳೆಯುವ ಸರಕು. ತಿರುವಿನಲ್ಲಿ ಗಾಡಿ ತೂಗುತ್ತದೆ, ಹೊರಗಿನ ಟೈರಿನ ಪಕ್ಕೆ ಮಡಿಚುತ್ತದೆ. ಇಂಥಲ್ಲಿ ಗಾಳಿ ಕಡಿಮೆಯಿದ್ದರೆ ಪ್ರತಿ ಸುತ್ತಿಗೂ ಪಕ್ಕೆ ಮಿತಿಮೀರಿ ಮಡಿಚಿ ಬಿಚ್ಚಿ ಒಳಗೇ ಶಾಖ ಹುಟ್ಟುತ್ತದೆ. ಆ ಶಾಖಕ್ಕೆ ರಬ್ಬರಿಗೂ ಉಕ್ಕಿನ ತಂತಿಗೂ ಇರುವ ಬೆಸುಗೆ ಸಡಿಲಾಗಿ, ಕೊನೆಗೆ ಮೇಲ್ಪದರ ಕಿತ್ತು ಬರುತ್ತದೆ. ಬಿಸಿಲಿಗೆ ಟೈರು ಒಡೆಯಿತು ಎಂದು ಜನ ಹೇಳುವ ಎಷ್ಟೋ ಪ್ರಕರಣಗಳಲ್ಲಿ ಬಿಸಿಲಿನಷ್ಟೇ ತಪ್ಪು ಗಾಳಿಯದು, ಹೊರೆಯದು.

ಗಾಳಿ ನೋಡಬೇಕಾದ್ದು ಬೆಳಿಗ್ಗೆ, ಟೈರು ತಣ್ಣಗಿದ್ದಾಗ. ಓಡಿ ಕಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಜಾಸ್ತಿಯಾಯಿತೆಂದು ದಾರಿಯಲ್ಲಿ ಗಾಳಿ ಬಿಟ್ಟರೆ, ತಣಿದ ಮೇಲೆ ಅದು ಕಡಿಮೆಯಾಗಿರುತ್ತದೆ. ಖಾಲಿ ಗಾಡಿಗೆ ಎಷ್ಟು, ತುಂಬಿದ ಗಾಡಿಗೆ ಎಷ್ಟು ಎಂದು ತಯಾರಕರು ಬೇರೆ ಬೇರೆ ಕೊಟ್ಟಿದ್ದರೆ ಹಾಗೆಯೇ ನಡೆಯಬೇಕು.

ಹೊಲದ ದಾರಿಗೆ ಇನ್ನೊಂದು ಶತ್ರುವಿದೆ. ಕೊಯ್ದ ಹತ್ತಿ ಗಿಡದ ಮೋಟು ಒಣಗಿದರೆ ಮೊಳೆಯಷ್ಟು ಗಟ್ಟಿ. ಕಾಲುವೆ ದಂಡೆಯ ಬಳ್ಳಾರಿ ಜಾಲಿಯ ಮುಳ್ಳೂ ಕಡಿಮೆಯದಲ್ಲ. ಟ್ಯೂಬ್ ಟೈರು ಚುಚ್ಚಿಸಿಕೊಂಡರೆ ಬೇಗ ಕೂತುಬಿಡುತ್ತದೆ. ಟ್ಯೂಬ್‌ಲೆಸ್ ಆದರೆ ಗಾಳಿ ನಿಧಾನವಾಗಿ ಸೋರುವುದರಿಂದ ಮುಂದಿನ ಊರಿನ ಪಂಚರ್ ಅಂಗಡಿವರೆಗೆ ತಲುಪಬಹುದು. ಆದರೆ ರಿಮ್ಮಿನ ಅಂಚು ಸೊಟ್ಟಗಿದ್ದರೆ, ತುಕ್ಕು ಹಿಡಿದಿದ್ದರೆ ಟ್ಯೂಬ್‌ಲೆಸ್ ಗಾಳಿ ನಿಲ್ಲಿಸುವುದಿಲ್ಲ.

ಎಷ್ಟು ಸವೆದರೆ ಸಾಕು?

ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಸರಕು ವಾಹನಕ್ಕೆ ಗೊತ್ತುಮಾಡಿರುವ ಕನಿಷ್ಠ ಆಳ 1.6 ಮಿಲಿಮೀಟರ್. ಅಳೆಯಲು ಉಪಕರಣ ಬೇಕಿಲ್ಲ. ಟೈರಿನ ಭುಜದ ಬಳಿ ಸಣ್ಣ ತ್ರಿಕೋನವೋ ‘ಟಿಡಬ್ಲ್ಯುಐ’ ಎಂಬ ಅಕ್ಷರಗಳೋ ಇರುತ್ತವೆ. ಅದರ ನೇರಕ್ಕೆ ಗೆರೆಯೊಳಗೆ ಬೆರಳಾಡಿಸಿದರೆ ಚಿಕ್ಕ ದಿಬ್ಬ ಸಿಗುತ್ತದೆ. ಬಟನ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತು.

ಸವೆದ ಬಗೆಯನ್ನೂ ನೋಡಬೇಕು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಿತ್ತು. ಮುಂದಿನ ಟೈರಿನ ಒಂದೇ ಅಂಚು ತಿಂದುಹೋಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅದನ್ನು ಸರಿಮಾಡಿಸದೆ ಹೊಸ ಟೈರು ಹಾಕಿಸಿದರೆ ಅದೂ ಹಾಗೆಯೇ ತಿನ್ನಿಸಿಕೊಳ್ಳುತ್ತದೆ.

ಹೊಸದರ ಬದಲು ರೀಬಟನ್ ಮಾಡಿಸುವುದು ಈ ಭಾಗದಲ್ಲಿ ರೂಢಿ. ಹಳೆಯ ಟೈರಿನ ಮೇಲ್ಮೈ ಉಜ್ಜಿ, ಅದರ ಮೇಲೆ ಹೊಸ ರಬ್ಬರು ಕೂರಿಸಿ ಬೇಯಿಸುವ ಕೆಲಸವಿದು. ಒಳಗಿನ ಕವಚ ಗಟ್ಟಿಯಿದ್ದರೆ ತಪ್ಪೇನಿಲ್ಲ, ದೊಡ್ಡ ಲಾರಿಗಳ ಲೆಕ್ಕಾಚಾರ ನಿಂತಿರುವುದೇ ಇದರ ಮೇಲೆ. ಆದರೆ ಪಕ್ಕೆ ಬಿರುಕು ಬಿಟ್ಟಿದ್ದರೆ, ಎಲ್ಲಾದರೂ ಹೊಟ್ಟೆ ಬಂದಿದ್ದರೆ, ತಂತಿ ಕಾಣುತ್ತಿದ್ದರೆ ಅದನ್ನು ರೀಬಟನ್‌ಗೆ ಕೊಡಬಾರದು. ಗಟ್ಟಿಯಿದ್ದರೂ ಮುಂದಿನ ಚಕ್ರಕ್ಕೆ ಬೇಡ. ಹಿಂದೆ ಕಿತ್ತು ಬಂದರೆ ಗಾಡಿ ತಡೆದು ನಿಲ್ಲಿಸಬಹುದೇನೋ, ಮುಂದೆ ಕಿತ್ತು ಬಂದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ.

ಅಂಗಡಿಯ ಮುಂದೆ

ಕಂಪನಿಯ ಮಾತು ಈಗ. ಚೆನ್ನೈನ ತಿರುವೊಟ್ಟಿಯೂರಿನಲ್ಲಿ 1946ರಲ್ಲಿ ಮಕ್ಕಳಾಟಿಕೆಯ ಬಲೂನು ಮಾಡುತ್ತಾ ಶುರುವಾದದ್ದು ಎಂಆರ್‌ಎಫ್. ಅದೇ ವರ್ಷ ಫ್ರಾನ್ಸಿನ ಮಿಶೆಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಭಾರತದಲ್ಲಿ ರೇಡಿಯಲ್ ತಯಾರಿಕೆಗೆ 1977ರಲ್ಲಿ ಕೈಹಾಕಿದ ಜೆಕೆ ಟೈರ್, 1997ರಲ್ಲಿ ಮೈಸೂರಿನ ವಿಕ್ರಾಂತ್ ಟೈರ್ಸನ್ನು ಕೊಂಡಿತು. ಅಪೊಲೊದ ಆಂಧ್ರದ ಕಾರ್ಖಾನೆ 2020ರಲ್ಲಿ, ಆಗ ಚಿತ್ತೂರು ಜಿಲ್ಲೆಯಲ್ಲಿದ್ದ ಚಿನ್ನಪಂಡೂರಿನಲ್ಲಿ ಶುರುವಾಯಿತು. ಇವರೆಲ್ಲರೂ ಸರಕು ಗಾಡಿಗಳಿಗೆ ಹೊರೆ ತಾಳುವ ಟೈರು ಮಾಡುತ್ತಾರೆ. ಆದ್ದರಿಂದ ಕಂಪನಿಗಿಂತ ಮುಖ್ಯ, ಆ ಕಂಪನಿಯ ಯಾವ ಟೈರು ಎಂಬುದು. ಸೂಚ್ಯಂಕ ಕಡಿಮೆಯಿರುವ ಹೆಸರಾಂತ ಟೈರಿಗಿಂತ ಸೂಚ್ಯಂಕ ಸರಿಯಿರುವ ಸಾಧಾರಣ ಟೈರು ವಾಸಿ.

ಕೊಳ್ಳುವಾಗ ಐಎಸ್ಐ ಗುರುತು ನೋಡಬೇಕು. ಪಕ್ಕೆಯ ಮೇಲಿನ ನಾಲ್ಕು ಅಂಕಿಯ ತಾರೀಕನ್ನೂ ಓದಬೇಕು. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯ ಮುಂದೆ ಬಿಸಿಲಿಗೆ ಎರಡು ಮೂರು ವರ್ಷ ಒಣಗಿದ ಟೈರನ್ನು ‘ಹೊಸದು’ ಎಂದು ಪೂರ್ತಿ ಬೆಲೆಗೆ ತರುವುದರಲ್ಲಿ ಅರ್ಥವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಬೇಕು. ಬಿಲ್ಲು ಬೇಡವೆಂದರೆ ಒಂದಿಷ್ಟು ಬಿಡುತ್ತೇವೆ ಎನ್ನುವ ಮಾತಿಗೆ ಒಪ್ಪಿದರೆ, ತಯಾರಿಕೆಯ ದೋಷ ಕಂಡಾಗ ವಾರಂಟಿ ಕೇಳುವ ಹಕ್ಕೂ ಹೋದಂತೆ.

ದುಡ್ಡು ಎರಡಕ್ಕಷ್ಟೇ ಇದ್ದರೆ ಎರಡನ್ನೂ ಒಂದೇ ಅಚ್ಚಿಗೆ ಹಾಕಿಸಬೇಕು, ಹಳೆಯದರಲ್ಲಿ ಗಟ್ಟಿಯಾದದ್ದನ್ನು ಸ್ಟೆಪ್ನಿಗೆ ಇಡಬೇಕು. ಎಷ್ಟೋ ಪಿಕಪ್‌ಗಳ ಅಡಿಯಲ್ಲಿ ಧೂಳು ತಿನ್ನುತ್ತಾ ನೇತಾಡುವ ಸ್ಟೆಪ್ನಿಯಲ್ಲಿ ಗಾಳಿಯೇ ಇರುವುದಿಲ್ಲ. ಹೊಸದು ಹಾಕಿಸುವ ದಿನವೇ ಅದರ ಗಾಳಿಯನ್ನೂ ನೋಡಿಸಿ, ವಾಲ್ವುಗಳನ್ನು ಬದಲಿಸಿ, ಅಲೈನ್‌ಮೆಂಟ್ ಮಾಡಿಸಿಬಿಟ್ಟರೆ ಒಂದೇ ಓಡಾಟದಲ್ಲಿ ಕೆಲಸ ಮುಗಿಯುತ್ತದೆ. ಆಮೇಲೆ ಉಳಿಯುವುದು ಒಂದೇ: ಐವತ್ತೋ ನೂರೋ ಕಿಲೋಮೀಟರ್ ಓಡಿದ ಮೇಲೆ, ಎಮ್ಮಿಗನೂರಿಗೆ ಹೋಗಿ ಬಂದ ಮೊದಲ ಬಾಡಿಗೆಯ ನಂತರವಾದರೂ ಸರಿ, ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸುವುದು.