ನಿಲ್ಲಲು ಕಲಿಸುವ ಇಳಿಜಾರು

ಚಳಿಗಾಲದ ಒಲಿಂಪಿಕ್ಸ್ ಕ್ರೀಡೆಗಳನ್ನು ಟೀವಿಯಲ್ಲಿ ಕಂಡವರಿಗೆ ‘ಸ್ಲಾಲಮ್’ ಎಂಬ ಮಾತು ಹೊಸದಲ್ಲ. ಕಡಿದಾದ ಹಿಮದ ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ಹಾವಿನಂತೆ ಬಳುಕುತ್ತ ಸರ್ರನೆ ಇಳಿದುಬಿಡುವ ಸ್ಪರ್ಧೆ ಅದು. ನೋಡುವವರ ಎದೆಯೇ ಝಲ್ಲೆನ್ನುತ್ತದೆ. ಆದರೆ ಆ ಪದ ಹುಟ್ಟಿದ ನಾರ್ವೆಯ ಟೆಲೆಮಾರ್ಕ್ ಸೀಮೆಯ ಆಡುನುಡಿಯಲ್ಲಿ ‘ಸ್ಲಾ’ ಎಂದರೆ ಮೆಲ್ಲಗೆ ಇಳಿಯುವ ಗುಡ್ಡದ ಮಗ್ಗುಲು. ‘ಲೋಮ್’ ಎಂದರೆ ಜಾಡು. ಇಂದಿನ ಅತಿ ಕಠಿಣ ಸ್ಪರ್ಧೆಗಳಲ್ಲಿ ಒಂದರ ಹೆಸರಿನೊಳಗೆ ಒಂದು ಸೌಮ್ಯ ಇಳಿಜಾರು ಅಡಗಿ ಕುಳಿತಿದೆ.

ಹಿಮದ ಮೇಲೆ ಜಾರುವ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಚಲಿಸುವ ಸ್ಕೀಯಿಂಗ್ ಮೊದಲಿಗೆ ಆಟವಾಗಿರಲಿಲ್ಲ. ಉತ್ತರದ ಶೀತ ಪ್ರದೇಶಗಳಲ್ಲಿ ಬೇಟೆಗೆ, ಪ್ರಯಾಣಕ್ಕೆ, ನೆರೆಯ ಊರಿಗೆ ಹೋಗಿಬರಲು ಜನ ಅದನ್ನು ಸಾವಿರಾರು ವರ್ಷಗಳಿಂದ ಬಳಸುತ್ತಿದ್ದರು. ಅದು ಮನರಂಜನೆಯಾಗಿ ಮಾರ್ಪಟ್ಟದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಟೆಲೆಮಾರ್ಕ್‌ನ ಮೋರ್ಗೆಡಾಲ್ ಎಂಬ ಹಳ್ಳಿಯಲ್ಲಿ 1825ರಲ್ಲಿ ಹುಟ್ಟಿದ ಸೋಂದ್ರೆ ನೂರ್‌ಹೈಮ್ ಎಂಬ ಬಡವ ಹಿಮ್ಮಡಿಯನ್ನೂ ಬಳಸಿ ಹಿಡಿಯುವ ಕಟ್ಟನ್ನು ಬಳಕೆಗೆ ತಂದ. ಇದರಿಂದ ಹಲಗೆ ಕಾಲಿನ ಮಾತು ಕೇಳತೊಡಗಿತು. ಬೇಕೆಂದ ಕಡೆ ತಿರುಗಲು ಸಾಧ್ಯವಾಯಿತು.

ನಾರ್ವೆಯ ದುಂಡನೆಯ ಗುಡ್ಡಗಳಿಂದ ಈ ವಿದ್ಯೆ ಆಲ್ಪ್ಸ್ ಪರ್ವತಗಳಿಗೆ ಬಂದಾಗ ತೊಡಕು ಎದುರಾಯಿತು. ಅಲ್ಲಿನ ಇಳಿಜಾರುಗಳು ಬಹಳ ಕಡಿದು. ಆಸ್ಟ್ರಿಯದ ಲಿಲಿಯನ್‌ಫೆಲ್ಡ್‌ನಲ್ಲಿ ನೆಲೆಸಿದ್ದ ಮಥಿಯಾಸ್ ಸ್ದಾರ್ಸ್ಕಿ ಉದ್ದನೆಯ ನಾರ್ವೆ ಹಲಗೆಗಳನ್ನು ಮೊಟಕುಗೊಳಿಸಿ, ಗಟ್ಟಿಯಾದ ಲೋಹದ ಕಟ್ಟು ರೂಪಿಸಿ, ತಿರುಗುತ್ತ ತಿರುಗುತ್ತ ವೇಗವನ್ನು ತಗ್ಗಿಸುವ ಕ್ರಮವನ್ನು ಕಂಡುಕೊಂಡ. 1890ರ ದಶಕದಲ್ಲಿ ಅದನ್ನು ಪುಸ್ತಕವಾಗಿ ಬರೆದ. ಜಾರುವುದು ಹೇಗೆಂಬ ಪ್ರಶ್ನೆಗಿಂತ ವೇಗವನ್ನು ಹಿಡಿತದಲ್ಲಿ ಇಡುವುದು ಹೇಗೆಂಬ ಪ್ರಶ್ನೆಯೇ ಅವನಿಗೆ ದೊಡ್ಡದಾಗಿತ್ತು.

ನಿಲ್ಲುವುದೇ ಮೊದಲ ಪಾಠ

ಈ ಅನುಭವವನ್ನು ಎಲ್ಲರಿಗೂ ದಕ್ಕುವ ಪಾಠಕ್ರಮವಾಗಿ ಮಾಡಿದವನು ಆಸ್ಟ್ರಿಯದವನೇ ಆದ ಹಾನೆಸ್ ಶ್ನೈಡರ್. ಆರ್ಲ್‌ಬರ್ಗ್ ಸೀಮೆಯ ಸ್ಟೂಬನ್ ಎಂಬಲ್ಲಿ 1890ರಲ್ಲಿ ಹುಟ್ಟಿದ ಈತ 1907ರಲ್ಲಿ ಸೇಂಟ್ ಆಂಟನ್ ಊರಿನ ಹೋಟೆಲೊಂದರ ಅತಿಥಿಗಳಿಗೆ ಸ್ಕೀ ಕಲಿಸತೊಡಗಿದ. ಮೊದಲ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಸ್ವಂತ ಶಾಲೆ ತೆರೆದ. ಕಲಿಯುವವರನ್ನು ಅವರವರ ಅಳವಿಗೆ ತಕ್ಕಂತೆ ತರಗತಿಗಳಾಗಿ ವಿಂಗಡಿಸಿದ್ದು, ಒಂದೊಂದು ತರಗತಿಗೂ ತಕ್ಕ ಇಳಿಜಾರಿನಲ್ಲಿ ಪಾಠ ಹೇಳಿದ್ದು ಅವನ ವಿಶೇಷ.

ಮೊದಲ ತರಗತಿಯ ಪಾಠ ಹಿಮನೇಗಿಲು. ಎರಡೂ ಹಲಗೆಗಳ ಮೂತಿಯನ್ನು ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ, ಒಳ ಅಂಚುಗಳಿಂದ ಹಿಮವನ್ನು ಒತ್ತಿದರೆ ವೇಗ ಕುಗ್ಗುತ್ತದೆ. ಇನ್ನಷ್ಟು ಅಗಲಿಸಿದರೆ ನಿಲ್ಲುತ್ತದೆ. ಸೌಮ್ಯ ಇಳಿಜಾರಿನಲ್ಲಿ ಇದು ಅರ್ಧ ದಿನದಲ್ಲಿ ಕೈಗೂಡಬಹುದು. ಅದನ್ನೇ ಕಡಿದಾದ ಇಳಿಜಾರಿನಲ್ಲಿ ಮಾಡಹೋದರೆ ಹೊಸಬರ ಕಾಲಿಗೆ ಬಲ ಸಾಲದು. ಮೇಲಾಗಿ, ಹೆದರಿದ ಮನುಷ್ಯ ಸಹಜವಾಗಿಯೇ ಹಿಂದಕ್ಕೆ ವಾಲುತ್ತಾನೆ. ಹಾಗೆ ವಾಲಿದೊಡನೆ ಹಲಗೆಗಳ ಮುಂಭಾಗದ ಮೇಲಿನ ಭಾರ ತಪ್ಪಿ, ಅವು ಹತೋಟಿ ಮೀರಿ ಓಡುತ್ತವೆ. ಭಯವೇ ಬೀಳಿಸುತ್ತದೆ ಎಂಬುದು ಇಲ್ಲಿ ಬರಿಯ ಗಾದೆಯಲ್ಲ. ಸೈಕಲ್ ಕಲಿಯುವ ಹುಡುಗ ಶಾಲೆಯ ಬಯಲಿಗೆ ಹೋಗುತ್ತಾನೆಯೇ ಹೊರತು ಘಾಟಿಯ ರಸ್ತೆಗೆ ಹೋಗುವುದಿಲ್ಲವಷ್ಟೆ.

ಬಾಳೆಗೊನೆಯಿಂದ ಕುರ್ಚಿಗೆ

ಆ ಕಾಲದಲ್ಲಿ ಕಲಿಯುವವರನ್ನು ಕಾಯುತ್ತಿದ್ದ ಇನ್ನೊಂದು ಸಂಗತಿಯಿತ್ತು. ಇಳಿಯಬೇಕಾದ ಗುಡ್ಡವನ್ನು ಅವರೇ ಹತ್ತಬೇಕಿತ್ತು. ಹಲಗೆಗಳನ್ನು ಅಡ್ಡಡ್ಡ ಇಡುತ್ತ ಹೆಜ್ಜೆ ಹೆಜ್ಜೆಯಾಗಿ ಮೇಲೇರುವಷ್ಟರಲ್ಲಿ ಇಳಿಜಾರು ಎಷ್ಟು ಕಡಿದು, ಹಿಮ ಎಲ್ಲಿ ಗಟ್ಟಿ, ಎಲ್ಲಿ ಮೆದು ಎಂಬುದು ಕಾಲಿಗೇ ತಿಳಿಯುತ್ತಿತ್ತು. ಹತ್ತಲಾರದಷ್ಟು ಎತ್ತರದಿಂದ ಇಳಿಯುವ ಪ್ರಮೇಯವೇ ಬರುತ್ತಿರಲಿಲ್ಲ.

ಯಂತ್ರ ಬಂದು ಈ ಲೆಕ್ಕ ತಪ್ಪಿತು. ಅಮೆರಿಕದ ಐಡಾಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿ 1936ರಲ್ಲಿ ವಿಹಾರಧಾಮವೊಂದನ್ನು ತೆರೆಯಿತು. ಕಂಪನಿಯ ಎಂಜಿನಿಯರ್ ಜೇಮ್ಸ್ ಕರ್ರನ್ ಹಿಂದೆ ಹಡಗುಗಳಿಗೆ ಬಾಳೆಗೊನೆ ತುಂಬುವ ಯಂತ್ರಗಳನ್ನು ಬಲ್ಲವನಾಗಿದ್ದ. ಸುತ್ತುವ ಹಗ್ಗದ ಕೊಕ್ಕೆಗಳಿಗೆ ಗೊನೆಯ ಬದಲು ಕುರ್ಚಿ ತೂಗುಹಾಕಿದರೆ ಜನರನ್ನೂ ಗುಡ್ಡಕ್ಕೆ ಏರಿಸಬಹುದಲ್ಲ ಎಂಬುದು ಅವನ ಯೋಚನೆ. ಹಾಗೆ ಹುಟ್ಟಿದ ಮೊದಲ ಕುರ್ಚಿ ಏರುದಾರಿಗಳು ಹಾಕಲ್ಪಟ್ಟದ್ದು ಪ್ರಾಕ್ಟರ್ ಮತ್ತು ಡಾಲರ್ ಎಂಬ ಎರಡು ಗುಡ್ಡಗಳಲ್ಲಿ. ಎದುರಿಗಿದ್ದ ಎತ್ತರದ ಬಾಲ್ಡ್ ಪರ್ವತದಲ್ಲಿ ಅಲ್ಲ. ಮರಗಳಿಲ್ಲದ ಬೋಳುಗುಡ್ಡವಾದ ಡಾಲರ್ ಇಂದಿಗೂ ಹೊಸಬರು ಕಲಿಯುವ ತಾಣವಾಗಿಯೇ ಉಳಿದಿದೆ.

ಆದರೆ ಮುಂದೆ ಎತ್ತರದ ಶಿಖರಗಳಿಗೂ ಕುರ್ಚಿ, ರೋಪ್‌ವೇಗಳು ಹೋದವು. ಟಿಕೆಟ್ ಕೊಂಡವರನ್ನೆಲ್ಲ ಯಂತ್ರ ಮೇಲೇರಿಸುತ್ತದೆ. ಇಳಿಯಲು ಬರುತ್ತದೆಯೇ ಎಂದು ಕೇಳುವುದಿಲ್ಲ. ಆದ್ದರಿಂದ ಇಳಿಜಾರಿನ ಆಯ್ಕೆ ಈಗ ಮನುಷ್ಯನ ವಿವೇಕಕ್ಕೆ ಬಿಟ್ಟ ವಿಷಯವಾಗಿದೆ.

ಬಣ್ಣವನ್ನೇ ನಂಬಬಾರದು

ವಿಹಾರಧಾಮಗಳು ದಾರಿಗಳಿಗೆ ಬಣ್ಣ ಕೊಟ್ಟದ್ದು ಈ ವಿವೇಕಕ್ಕೆ ನೆರವಾಗಲೆಂದು. ಆದರೆ ಬಣ್ಣಗಳ ಭಾಷೆ ಎಲ್ಲ ಕಡೆ ಒಂದೇ ಅಲ್ಲ. ಫ್ರಾನ್ಸಿನಲ್ಲಿ ಹಸಿರು ಅತಿ ಸುಲಭ. ಅನಂತರ ನೀಲಿ, ಕೆಂಪು, ಕಪ್ಪು. ಆಸ್ಟ್ರಿಯ, ಜರ್ಮನಿಗಳಲ್ಲಿ ನೀಲಿಯೇ ಸುಲಭದ ಗುರುತು. ಅಮೆರಿಕದಲ್ಲಾದರೋ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರದಾಕಾರ ಕಷ್ಟ. ಆಸ್ಟ್ರಿಯದ ನೀಲಿಯಲ್ಲಿ ಕಲಿತವರು ಅಮೆರಿಕದ ನೀಲಿಯನ್ನು ನಂಬಿ ಇಳಿದರೆ ಮೋಸ ಹೋಗಬಹುದು. ಮೇಲಾಗಿ ಅಮೆರಿಕದಲ್ಲಿ ಈ ಗುರುತು ಆಯಾ ಬೆಟ್ಟದ ಇತರ ದಾರಿಗಳಿಗೆ ಹೋಲಿಸಿ ಕೊಟ್ಟದ್ದು. ಒಂದು ಬೆಟ್ಟದ ಹಸಿರು ಇನ್ನೊಂದರ ಹಸಿರಿಗಿಂತ ಕಡಿದಾಗಿರಬಹುದು.

ಆಸ್ಟ್ರಿಯ, ಜರ್ಮನಿಗಳ ಲೆಕ್ಕದಲ್ಲಿ ನೀಲಿ ದಾರಿಯ ಇಳಿಜಾರು ಸಾಮಾನ್ಯವಾಗಿ ಶೇಕಡ 25ನ್ನು ಮೀರುವಂತಿಲ್ಲ. ಅಂದರೆ 100 ಮೀಟರ್ ಮುಂದೆ ಸಾಗುವಷ್ಟರಲ್ಲಿ 25 ಮೀಟರ್ ಕೆಳಗಿಳಿದಂತೆ. ಕೋನದ ಲೆಕ್ಕದಲ್ಲಿ ಇದು ಸುಮಾರು 14 ಡಿಗ್ರಿ. ಕೇಳಲು ಕಡಿಮೆ ಎನಿಸಿದರೂ ಮೊದಲ ದಿನದವರಿಗೆ ಇದೂ ಹೆಚ್ಚೇ. ಅವರಿಗೆ ಶೇಕಡ 10ರ ಆಸುಪಾಸು ಸಾಕು.

ಬಣ್ಣಕ್ಕಿಂತ ಮುಖ್ಯವಾದದ್ದು ಇಳಿಜಾರಿನ ಕೊನೆ. ಅದು ಅಗಲವಾದ ಸಮತಟ್ಟಿನಲ್ಲಿ ಮುಗಿಯಬೇಕು. ತುದಿಯಲ್ಲಿ ನೆಲ ತುಸು ಮೇಲೇರಿದರೆ ಇನ್ನೂ ಒಳ್ಳೆಯದು. ನಿಲ್ಲಲು ಬಾರದವರನ್ನೂ ಅಂಥ ನೆಲ ತಾನೇ ನಿಲ್ಲಿಸುತ್ತದೆ. ಕೊನೆಯಲ್ಲಿ ಬೇಲಿ, ಮರ, ಹಳ್ಳ, ರಸ್ತೆ ಇದ್ದರೆ ಅದು ಎಷ್ಟೇ ಸೌಮ್ಯವಾಗಿದ್ದರೂ ಕಲಿಯುವ ಜಾಗವಲ್ಲ. ಎರಡನೆಯದು ಅಗಲ. ಕಾಡಿನ ನಡುವಿನ ಇಕ್ಕಟ್ಟಾದ ದಾರಿ ಇಳಿಜಾರಿನ ಲೆಕ್ಕದಲ್ಲಿ ಸುಲಭವೆನಿಸಿದರೂ ಅಲ್ಲಿ ತಿರುಗಲು ಎಡೆಯಿರುವುದಿಲ್ಲ. ಮೂರನೆಯದು, ನೆಲ ಒಂದು ಪಕ್ಕಕ್ಕೆ ವಾಲಿರಬಾರದು. ನಾಲ್ಕನೆಯದು, ನುರಿತವರು ವೇಗವಾಗಿ ಹಾದುಹೋಗುವ ದಾರಿ ಅದಾಗಿರಬಾರದು. ಮೇಲಿನಿಂದ ಬರುವವರೇ ಕೆಳಗಿನವರನ್ನು ತಪ್ಪಿಸಿಕೊಂಡು ಹೋಗಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಆದರೂ ಹೊಸಬರ ಧೈರ್ಯ ಕುಂದಲು ಪಕ್ಕದಲ್ಲಿ ಒಬ್ಬರು ಭರ್ರನೆ ಹಾದುಹೋದರೆ ಸಾಕು.

ಗಳಿಗೆಯನ್ನೂ ನೋಡಬೇಕು. ಹಗಲಲ್ಲಿ ಬಿಸಿಲಿಗೆ ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಗಾಜಿನಂತಾಗುತ್ತದೆ. ಬೆಳಿಗ್ಗೆ ಅಪಾಯವೆನಿಸಿದ ಇಳಿಜಾರೇ ಬಿಸಿಲೇರಿ ಹಿಮ ಮೆದುವಾದ ಮೇಲೆ ಕಲಿಕೆಗೆ ಹಿತವಾದೀತು.

ಗುಲ್ಮಾರ್ಗ್‌ನ ಬಯಲು

ಭಾರತದಲ್ಲಿ ಈ ವಿವೇಕಕ್ಕೆ ಕಾಶ್ಮೀರದ ಗುಲ್ಮಾರ್ಗ್ ಒಳ್ಳೆಯ ಉದಾಹರಣೆ. ಬ್ರಿಟಿಷರ ಕಾಲದಲ್ಲಿ, 1927ರಲ್ಲಿ, ಇಲ್ಲಿ ಭಾರತದ ಸ್ಕೀ ಕ್ಲಬ್ ಆರಂಭವಾಯಿತು. ಸುಮಾರು 2,650 ಮೀಟರ್ ಎತ್ತರದಲ್ಲಿರುವ ಇಲ್ಲಿನ ಬಟ್ಟಲಿನಂಥ ಹುಲ್ಲುಗಾವಲು ಬೇಸಿಗೆಯಲ್ಲಿ ಗಾಲ್ಫ್ ಮೈದಾನ. ಚಳಿಗಾಲದಲ್ಲಿ ಅದರ ತಗ್ಗು ದಿಣ್ಣೆಗಳೇ ಹೊಸಬರ ಪಾಠಶಾಲೆ. ಜಾರಿದರೂ ಬಟ್ಟಲಿನ ತಳಕ್ಕೆ ಬಂದು ನಿಲ್ಲುವುದರಿಂದ ಆತಂಕ ಕಡಿಮೆ.

ಅದೇ ಗುಲ್ಮಾರ್ಗ್‌ನಿಂದ ಗೊಂಡೋಲ ರೋಪ್‌ವೇ ಹೊರಡುತ್ತದೆ. ಕೊಂಗ್‌ಡೂರಿಗೆ ಹೋಗುವ ಮೊದಲ ಹಂತ 1998ರಲ್ಲೂ, ಅಫರ್ವಟ್ ಶಿಖರದ ಬಳಿ ಸುಮಾರು 3,950 ಮೀಟರ್ ಎತ್ತರಕ್ಕೆ ಏರುವ ಎರಡನೆಯ ಹಂತ 2005ರಲ್ಲೂ ಆರಂಭವಾದವು. ಮೇಲಿನ ಇಳಿಜಾರುಗಳಿಗೆ ವಿಶ್ವದ ನುರಿತ ಸ್ಕೀಗಾರರೇ ಮಾರುಹೋಗಿದ್ದಾರೆ. ಆದರೆ ಅವು ಹಿಮಕುಸಿತದ ಅಪಾಯವಿರುವ ಕಾಡು ಇಳಿಜಾರುಗಳು. 2023ರ ಫೆಬ್ರವರಿಯಲ್ಲಿ ಅಲ್ಲಿ ಹಿಮ ಕುಸಿದು ಪೋಲೆಂಡ್‌ನ ಇಬ್ಬರು ಸ್ಕೀಗಾರರು ಸಾವಿಗೀಡಾದರು. ಎರಡು ದಿನದ ಪ್ರವಾಸಕ್ಕೆ ಬಂದವರು ಜೊತೆಗಾರರ ಉತ್ತೇಜನಕ್ಕೆ ಮಣಿದು ಹಲಗೆ ಹೊತ್ತು ಮೇಲೇರುವುದು ಎಷ್ಟು ಅವಿವೇಕ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನೋಟ ಸವಿಯಲು ಮೇಲೇರಬೇಕಾದರೆ ಏರಬಹುದು. ಹಲಗೆಗಳು ಕೆಳಗಿನ ಬಯಲಿನಲ್ಲೇ ಇರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಹಣದ ವಿಷಯದಲ್ಲಿ. ಹಿಮದ ಮೇಲೂ ಅದು ಸಲ್ಲುವ ಮಾತು. ಸೌಮ್ಯ ಇಳಿಜಾರನ್ನು ಆರಿಸಿಕೊಳ್ಳುವುದು ಅಂಜುಬುರುಕತನವಲ್ಲ. ಬೇಕೆಂದ ಕಡೆ, ಬೇಕೆಂದಾಗ ನಿಲ್ಲಬಲ್ಲೆ ಎಂಬ ನಂಬಿಕೆ ಬಂದ ದಿನ ಮುಂದಿನ ದಿಣ್ಣೆಗೆ ಹೋಗಬಹುದು. ಅಲ್ಲಿಯವರೆಗೆ ಬಟ್ಟಲಿನ ತಳವೇ ಸರಿಯಾದ ಜಾಗ.